ಪಂಚರ ಸಮಕ್ಷಮ

ಕೆಂಚೇಗೌಡರ ಮೊಣಕಾಲು ಅಂದು ನೋಯುತ್ತಿರಲಿಲ್ಲ. ನೋಯಲಿ ಎಂದು ಅವರು ಬೆಳಗಿನಿಂದ ಕಾಯುತ್ತಿದ್ದರು. ಎದ್ದು ಬಚ್ಚಲಿಗೆ ಹೋಗುವಾಗ ಒಮ್ಮೆ, ಹಲಗೂರಿನಲ್ಲಿ ಬಸ್ಸು ಹತ್ತುವಾಗ ಇನ್ನೊಮ್ಮೆ, ಬೇಕೆಂದೇ ಬಲಗಾಲಿಗೆ ಭಾರ ಕೊಟ್ಟು ಊರಿ ನೋಡಿದರು. ಕಾಲು ಗಟ್ಟಿಯಾಗಿ ನಿಂತಿತು. ಅರವತ್ತೊಂಬತ್ತಕ್ಕೆ ಇಂಥ ಕಾಲು ಇರುವುದು ಪುಣ್ಯವೆಂದು ಹೆಂಡತಿ ಸೋಮಮ್ಮ ಹೇಳುತ್ತಿದ್ದಳು. ಈ ದಿನ ಅವರಿಗೆ ಆ ಪುಣ್ಯ ಬೇಕಿರಲಿಲ್ಲ. ಹನ್ನೊಂದು ಗಂಟೆಗೆ ಮಳವಳ್ಳಿಯ ಕೋರ್ಟಿನಲ್ಲಿ ಅವರು ಸಾಕ್ಷಿ ನುಡಿಯಬೇಕಾಗಿತ್ತು. ನುಡಿಯಬೇಕೆಂದುಕೊಂಡದ್ದರಲ್ಲಿ ಒಂದು ನಿಜವಿತ್ತು, ಒಂದು ಸುಳ್ಳಿತ್ತು. ಹದಿನಾಲ್ಕು ತಿಂಗಳ ಹಿಂದೆ ತಮ್ಮ ಊರಾದ ಹೊನ್ನಕೊಪ್ಪಲಿನಲ್ಲಿ ಪೊಲೀಸರು ಸಿದ್ದೇಶನ ಮನೆಯನ್ನು ಶೋಧಿಸಿದಾಗ, ಶೋಧದ ಸಾಕ್ಷಿಗಳಾದ ಪಂಚರಲ್ಲಿ ಒಬ್ಬರೆಂದು ಕರೆಸಿಕೊಂಡಿದ್ದ ತಾವು ಆ ಮನೆಯ ಒಳಗೆ ಹೋಗಲೇ ಇಲ್ಲ, ಬೀದಿಯ ತುದಿಯಲ್ಲಿ ಜೀಪಿನ ಬಾನೆಟ್ಟಿನ ಮೇಲೆ ಮೂರು ಖಾಲಿ ಹಾಳೆಗಳಿಗೆ ರುಜು ಹಾಕಿ ಮನೆಗೆ ಬಂದರು ಎಂಬುದು ನಿಜ. ಯಾಕೆ ಒಳಗೆ ಹೋಗಲಿಲ್ಲವೆಂದು ಕೇಳಿದರೆ ಕೊಡಬೇಕೆಂದಿದ್ದ ಕಾರಣ ಸುಳ್ಳು. ಮೊಣಕಾಲು ನೋವು.

ಪಕ್ಕದ ಸೀಟಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಪುಟ್ಟರಾಜು ಮಫ್ತಿಯಲ್ಲಿ ಕುಳಿತಿದ್ದ. ಸಾಕ್ಷಿಯನ್ನು ಕೋರ್ಟಿಗೆ ತಲುಪಿಸುವುದು ಅವನ ಕೆಲಸ. ತಲುಪುವಷ್ಟರಲ್ಲಿ ಹದಕ್ಕೆ ತರುವುದೂ ಅವನ ಕೆಲಸವೇ. ಬೈಕಿನಲ್ಲಿ ಕರೆದೊಯ್ಯುತ್ತೇನೆಂದು ಹೇಳಿ ಕಳಿಸಿದ್ದ. ಗೌಡರು ಒಲ್ಲೆನೆಂದು ಬಸ್ಸಿಗೆ ಬಂದರೆ ಅವನೂ ಬಸ್ಸಿಗೇ ಬಂದು, ಕಿಟಕಿಯ ಕಡೆ ಅವರನ್ನು ಕೂರಿಸಿ ತಾನು ಹೊರಗಡೆ ಕುಳಿತಿದ್ದ, ಆರೋಪಿಯನ್ನು ಕೂರಿಸಿಕೊಳ್ಳುವ ಹಾಗೆ.

"ಮೂರೇ ಮಾತು ಕಣ್ ಗೌಡ್ರೇ. ಒಳಿಕ್ಕೋಗಿದ್ದೆ, ಕಣ್ಣಾರೆ ನೋಡ್ದೆ, ಸೈನ್ ನಂದೇಯ. ಐದ್ ನಿಮಿಸದ್ ಕೆಲ್ಸ. ಆಮೇಕೆ ಓಟ್ಲಲ್ಲಿ ಕಾಪಿ ಕುಡ್ಕಂಡು ಬಂದ್ಬುಡಾದು."

"ನಾನು ಒಳಿಕ್ ಬಂದಿರ್ನಿಲ್ಲ ಕಣಯ್ಯ."

"ಬಂದಿರ್ನಿಲ್ಲ ಅನ್ನಾದು ನನಗ್ಗೊತ್ತಿಲ್ವಾ? ನೀವ್ಯಾಕೆ ಒಳಿಕೆ ಬುಡಿ ಅಂತ ನಾನೇ ತಾನೇ ಅಂದಿದ್ದು. ದೊಡ್ ಮನ್ಸ್ರು, ಮುಜುಗ್ರ ಆಗದ್ ಬ್ಯಾಡ ಅಂತ ಮರ್ವಾದಿ ಕೊಟ್ಟೆ. ಅದೇ ಮರ್ವಾದಿನ ತಿರುಗ್ಸಿ ನಮ್ ಕತ್ಗೇ ಇಕ್ತೀರಾ?"

ಅವನು ಅಂದದ್ದು ಸುಳ್ಳಲ್ಲ. ಆ ಮಧ್ಯಾಹ್ನ ಜೀಪು ಹೊಸಬೀದಿಯ ತುದಿಯಲ್ಲಿ ನೀರಿನ ತೊಟ್ಟಿಯ ಪಕ್ಕಕ್ಕೆ ನಿಂತಿತ್ತು. ಹೊಸಬೀದಿ ಎಂದು ಕರೆಯುವುದನ್ನು ಊರು ಕಲಿತದ್ದು ಈಚೆಗೆ. ಅವರ ಅಪ್ಪನ ಬಾಯಲ್ಲಿ ಅದು ಕೇರಿ. ತಾರಸಿಯ ಮೇಲೆ ನೀಲಿ ಬಾವುಟವಿದ್ದ ಐದನೆಯ ಮನೆ ಸಿದ್ದೇಶನದು. ಪುಟ್ಟರಾಜು ಹೇಳಿದಂತೆ ಗೌಡರು ತೊಟ್ಟಿಯ ಬಳಿಯೇ ನಿಂತರು. ಒಳಗೆ ಹೋಗುವುದಿಲ್ಲವೆಂದು ಅವರು ಹೇಳಿರಲಿಲ್ಲ, ಹೋಗುತ್ತೇನೆಂದೂ ಹೇಳಿರಲಿಲ್ಲ. ಕೇಳದೆ ಸಿಕ್ಕಿದ ವಿನಾಯಿತಿಯನ್ನು ಬಾಯಿಬಿಡದೆ ಇಟ್ಟುಕೊಂಡಿದ್ದರು. ಜನ್ಮವಿಡೀ ಅವರಿಗೆ ಹಾಗೆಯೇ ಸಿಗುತ್ತ ಬಂದಿತ್ತು. ಒಳಗಿನಿಂದ ಪಾತ್ರೆ ಉರುಳುವ ಸದ್ದು ಬಂತು, ಅದರ ಹಿಂದೆಯೇ ಸಿದ್ದೇಶನ ತಾಯಿ ದೇವಿರಮ್ಮನ ದನಿ: "ಬೂಟ್ ಬಿಚ್ರಪ್ಪ, ಬುದ್ಧನ್ ಪಟ ಮಡಗಿವ್ನಿ ಅಲ್ಲಿ." ಯಾರೂ ಬಿಚ್ಚಲಿಲ್ಲ. ಅರ್ಧ ಗಂಟೆಯ ಮೇಲೆ ಹಾಳೆಗಳು ಹೊರಗೆ ಬಂದವು. ಬರೆಯುವುದಕ್ಕೆ ಸಮಯವಿಲ್ಲ, ಠಾಣೆಯಲ್ಲಿ ತುಂಬಿಕೊಳ್ಳುತ್ತೇವೆ ಎಂದರು. ಗೌಡರು ಪೂರ್ತಿ ಹೆಸರು, ತಂದೆಯ ಹೆಸರು ಸಹಿತ ರುಜು ಹಾಕಿದರು. ಅಷ್ಟಕ್ಕೇ ನಿಂತಿದ್ದರೆ ಈಗ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ, ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದ್ದರು: "ನಾಕ್ ದಿನ ಒಳ್ಗಿದ್ ಬರ್ಲಿ ಕಣಯ್ಯ, ಬುದ್ದಿ ಬತ್ತದೆ." ನಾಲ್ಕು ದಿನ ನಲವತ್ತೊಂದಾಯಿತು. ಮಂಡ್ಯದ ಜೈಲಿನಿಂದ ಹುಡುಗ ಹೊರಬರುವಷ್ಟರಲ್ಲಿ ಅವನು ಪಾಠ ಹೇಳುತ್ತಿದ್ದ ಕಾಲೇಜಿನವರು ಅವನ ಅವಧಿಗಳನ್ನು ಬೇರೆಯವರಿಗೆ ಹಂಚಿ ಮುಗಿಸಿದ್ದರು.

ಹುಡುಗನ ಮೇಲೆ ಅವರಿಗೆ ಅಂದು ಸಿಟ್ಟಿತ್ತು. ನಿಜ ಹೇಳುವುದಾದರೆ ಇಂದೂ ಇತ್ತು. ಐಕ್ಯ ಸಪ್ತಾಹವೆಂದು ಆ ವರ್ಷ ಸರ್ಕಾರದಿಂದ ಮನೆಮನೆಗೆ ತಗಡಿನ ಫಲಕ ಬಂತು. ಬಾಗಿಲಿನ ಮೇಲೆ ಅದನ್ನು ಹೊಡೆಯಬೇಕು, ಫಲಕದ ಸಂಖ್ಯೆಗೆ ಮನೆಯವರ ಹೆಸರು, ವಯಸ್ಸು, ಉದ್ಯೋಗ, ಬಂದುಹೋಗುವ ನೆಂಟರ ವಿವರ ಸೇರಿಸಬೇಕು, ದೇಶ ಒಂದಾಗಿದೆಯೆಂಬುದಕ್ಕೆ ಅದೇ ಗುರುತು ಎಂದು ಹೇಳಿ ಹೋದರು. ಊರಿನಲ್ಲಿ ಮೊದಲ ಮೊಳೆ ಹೊಡೆದವರು ಕೆಂಚೇಗೌಡರು. ಮೂರನೆಯ ದಿನ ಅವರ ಬಾಗಿಲಿನ ಸಂದಿಯಲ್ಲಿ ಒಂದು ಕರಪತ್ರ ಸಿಕ್ಕಿತು. ದೇಶ ನಮ್ಮದು, ಬಾಗಿಲೂ ನಮ್ಮದು. ಫಲಕ ಕಡ್ಡಾಯವೆಂಬ ಆದೇಶವಿದ್ದರೆ ತೋರಿಸಿರೆಂದು ಕೇಳಿ. ಕೆಳಗೆ ಸಿದ್ದೇಶನ ಹೆಸರು, ಫೋನ್ ಸಂಖ್ಯೆ. ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದೇ ಅವರನ್ನು ಹೆಚ್ಚು ಕೆರಳಿಸಿತು. ಅವರ ಕೈಕೆಳಗೆ ದುಡಿದವನ ಮಗ ಅವರಿಗೆ ಬಾಗಿಲಿನ ಪಾಠ ಹೇಳುವುದು. ಫಲಕದ ವಿವರ ತಾಳೆ ನೋಡಲು ಆಮೇಲೆ ಒಬ್ಬ ಬಂದ, ಮೀಸೆ ಸರಿಯಾಗಿ ಮೂಡದವನು, ಕೈಯಲ್ಲೊಂದು ಟ್ಯಾಬ್ ಹಿಡಿದು. ಕೇಳದೆ ನಡುಮನೆ ದಾಟಿದ. ಯಾವ ಕೋಣೆಯಲ್ಲಿ ಯಾರು ಮಲಗುತ್ತೀರಿ ಎಂದ. ಬಚ್ಚಲಿನ ಬಾಗಿಲು ತಟ್ಟಿ ಒಳಗಿರುವವರು ಯಾರು ಎಂದ; ಸೋಮಮ್ಮ ಒದ್ದೆ ಸೀರೆಯಲ್ಲೇ ಒಳಗಿನಿಂದ ತನ್ನ ಹೆಸರು, ವಯಸ್ಸು ಕೂಗಿ ಹೇಳಬೇಕಾಯಿತು. ಗೌಡರು ಗೋಡೆಗೆ ಒರಗಿ ನಿಂತು ಇದು ದೇಶದ ಕೆಲಸ ಎಂದು ತಮಗೆ ತಾವೇ ಹೇಳಿಕೊಂಡರು. ಅವನು ಹೋದ ಮೇಲೆ ಸೋಮಮ್ಮ ಎರಡು ದಿನ ಅವರೊಡನೆ ಮಾತಾಡಲಿಲ್ಲ. ಆಗ ನೆನಪಾದದ್ದು ಕರಪತ್ರ. ನೆನಪಾದದ್ದಕ್ಕೆ ಹುಡುಗನ ಮೇಲೆ ಮತ್ತಷ್ಟು ಸಿಟ್ಟು ಬಂತು.

"ಇನ್ನೊಂದ್ ಕಿತ ಓದ್ಕಳಿ," ಎಂದು ಪುಟ್ಟರಾಜು ಜೇಬಿನಿಂದ ಮಹಜರಿನ ಜೆರಾಕ್ಸ್ ತೆಗೆದು ಅವರ ತೊಡೆಯ ಮೇಲಿಟ್ಟ.

ತಾವು ರುಜು ಹಾಕಿದ ಹಾಳೆಗಳ ಮೇಲೆ ಏನು ಬರೆದಿದೆಯೆಂದು ಅವರು ಮೊದಲು ಓದಿದ್ದು ಕಳೆದ ವಾರ, ಸಮನ್ಸಿನ ಜೊತೆಗೆ ಇವನು ಇದನ್ನು ತಂದುಕೊಟ್ಟಾಗ. ಪಂಚರ ಸಮಕ್ಷಮ ಸದರಿ ಮನೆಯ ಒಳಕೋಣೆಯ ಮಂಚದ ಕೆಳಗಿನ ಟ್ರಂಕಿನಿಂದ ನಾಲ್ಕುನೂರ ಹನ್ನೆರಡು ಕರಪತ್ರಗಳು. ಅಷ್ಟು ಸರಿಯಿರಬಹುದು. ಅದರ ಕೆಳಗೆ: ದೇಶವನ್ನು ಒಡೆಯಬೇಕೆಂದು ಕರೆ ಕೊಡುವ ಐವತ್ತು ಹಾಳೆಗಳು, ಇವನ್ನೂ ಪಂಚರು ಕಣ್ಣಾರೆ ಕಂಡಿರುತ್ತಾರೆ. ಆ ಐವತ್ತನ್ನು ಅವರು ಕಂಡಿರಲಿಲ್ಲ, ಅಂಥವು ಇವೆಯೆಂದು ಊರಿನಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಮೊದಲಿನದು ತಲೆಹರಟೆ, ಎರಡನೆಯದು ವರ್ಷಗಟ್ಟಲೆ ಸೆರೆ. ಇನ್ನೊಬ್ಬ ಪಂಚ, ಠಾಣೆಯ ಎದುರು ಟೈರು ಅಂಗಡಿಯವನು, ಕಳೆದ ತಿಂಗಳೇ ಬಂದು ಎಲ್ಲವನ್ನೂ ಹೌದೆಂದು ಹೋಗಿದ್ದ. ಉಳಿದವರು ಇವರೊಬ್ಬರು. ಆ ಐವತ್ತು ಹಾಳೆಗಳು ನಿಂತಿದ್ದರೆ ಇವರ ರುಜುವಿನ ಮೇಲೆ ನಿಂತಿದ್ದವು. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಮೂವತ್ತೈದು ವರ್ಷ ಗಂಟೆಗೊಮ್ಮೆ ಮೀಟರು ನೋಡಿ ಲಾಗ್ ಶೀಟಿನಲ್ಲಿ ಬರೆದವರು ಅವರು. ಮುಂದಿನ ಗಂಟೆಯ ಅಂಕಿಯನ್ನು ಮುಂಚೆಯೇ ಬರೆದಿಟ್ಟು ನಿದ್ದೆ ಹೊಡೆಯುವವರನ್ನು ಹೆಸರು ಹಿಡಿದು ಮೇಲಕ್ಕೆ ದೂರು ಕೊಟ್ಟಿದ್ದರು. ಒಬ್ಬನಿಗೆ ಬಡ್ತಿ ತಪ್ಪಿಸಿದ್ದರು. ಖಾಲಿ ಹಾಳೆಗೆ ರುಜು ಹಾಕುವವನು ಕಳ್ಳನಿಗಿಂತ ಕೀಳು, ಕಳ್ಳನಿಗೆ ತಾನು ಏನು ಕದ್ದೆನೆಂದಾದರೂ ಗೊತ್ತಿರುತ್ತದೆ ಎಂಬುದು ಕಂಟ್ರೋಲ್ ರೂಮಿನಲ್ಲಿ ಅವರದೇ ಮಾತು.

ಆ ಮಾತನ್ನು ಹೆಚ್ಚು ಸಲ ಕೇಳಿದವನು ಮರಿಸಿದ್ದಯ್ಯ, ಸಿದ್ದೇಶನ ಅಪ್ಪ. ಇಪ್ಪತ್ತೆರಡು ವರ್ಷ ಒಂದೇ ಪಾಳಿ. ಇವರು ಪ್ಯಾನಲಿನ ಮುಂದೆ, ಅವನು ಕೆಳಗೆ ಯಂತ್ರಗಳ ಹತ್ತಿರ. ಅವನು ಬೇರಿಂಗಿನ ಬಿಸಿ ಎಷ್ಟೆಂದು ಕೂಗಿದರೆ ಇವರು ಮತ್ತೆ ಇಳಿದು ನೋಡುತ್ತಿರಲಿಲ್ಲ. ಇಡೀ ಸ್ಟೇಷನ್ನಿನಲ್ಲಿ ಹಾಗೆ ನಂಬುತ್ತಿದ್ದದ್ದು ಅವನೊಬ್ಬನ ಅಂಕಿಯನ್ನು. ಒಂದೇ ಫ್ಲಾಸ್ಕಿನ ಚಹಾ, ಒಂದೇ ಬೆಂಚು. ಇಳಿಜಾರಿನ ಹಳಿಯ ಮೇಲೆ ಹಗ್ಗದಲ್ಲಿ ಎಳೆಯುವ ಟ್ರಾಲಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಮೇಲೆ ಬರುತ್ತಿದ್ದರು. ಟ್ರಾಲಿ ನಿಂತ ಮೇಲೆ ಮರಿಸಿದ್ದಯ್ಯ ಎರಡು ಹೆಜ್ಜೆ ಹಿಂದಾಗುತ್ತಿದ್ದ, ಊರು ಬರುವ ಹೊತ್ತಿಗೆ ಇಪ್ಪತ್ತು ಹೆಜ್ಜೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗೆ ಮಾಡಬೇಡವೆಂದು ಇವರೂ ಹೇಳಲಿಲ್ಲ. ತಾರಸಿಯ ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಕರೆದ. ಗೌಡರು ಒಂದು ಸ್ಟೀಲಿನ ಕೊಳದಪ್ಪಲೆ ತಂದು ಬೇರೆಯವನ ಕೈಲಿ ಕಳಿಸಿ, ತಾವು ಅಂದು ಮದ್ದೂರಿನಲ್ಲಿ ಕೆಲಸವಿತ್ತೆಂದು ಮರುದಿನ ಹೇಳಿದರು. ಆಯ್ತು ಬುಡಿ ಸಾ, ಎಂದ. ಆರು ವರ್ಷದ ಕೆಳಗೆ ಅವನು ಸತ್ತಾಗ ತೊಟ್ಟಿಯ ತನಕ ಹೋಗಿ, ಹೆಣ ಅಲ್ಲಿಗೆ ಬರುವವರೆಗೆ ಕಾದು, ಕೈ ಮುಗಿದು ಬಂದರು. ಅಷ್ಟು ದೂರ ಹೋದರಲ್ಲ ಎಂದು ಊರಿನವರು ಆಡಿಕೊಂಡರು, ಮೆಚ್ಚಿ.

ಮಳವಳ್ಳಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೋರ್ಟಿನ ಪಡಸಾಲೆಯಲ್ಲಿ ದೇವಿರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಸಿದ್ದೇಶ ನಿಂತು ವಕೀಲೆ ನಾಗಶ್ರೀಯೊಡನೆ ಮಾತಾಡುತ್ತಿದ್ದ. ಅವನು ಸಣ್ಣಗಾಗಿದ್ದ, ಕನ್ನಡಕ ಬಂದಿತ್ತು. ಗೌಡರನ್ನು ಕಂಡು ನಮಸ್ಕಾರ ಸಾರ್ ಎಂದ, ಯಾರಿಗೋ ಹೇಳುವ ಹಾಗೆ. ದೇವಿರಮ್ಮ ಏಳಲಿಲ್ಲ. ಅವಳ ಅತ್ತೆ ಇವರನ್ನು ಕಂಡರೆ ಗದ್ದೆಯ ಬದುವಿನ ಮೇಲಿಂದ ಕೆಳಗಿಳಿದು ನಿಲ್ಲುತ್ತಿದ್ದಳು. ಏಳಲಿಲ್ಲವೆಂಬುದನ್ನು ತಾವು ಗಮನಿಸಿದ್ದಕ್ಕೆ ಗೌಡರಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಅವಳು ಏಳಬೇಕಿತ್ತೆಂಬ ಆಸೆ ಹಾಗೆಯೇ ಇತ್ತು.

"ಏನ್ ದೇವಿರಮ್ಮ, ಚೆಂದಾಗಿದ್ದೀಯ?" ಎಂದು ಪುಟ್ಟರಾಜು ನಗುತ್ತ ಕೇಳಿದ.

"ನೀವ್ ಬಂದೋದ್ ಮ್ಯಾಲೆ ಇನ್ನೂ ಚೆಂದಾಗಿವ್ನಿ," ಎಂದಳು ಅವಳು. "ಆ ಟ್ರಂಕ್ ಬೀಗ ಮುರ್ದಾಕ್ಬುಟ್ರಿ. ಬೀಗದ್ ಕೈ ಕೇಳಿದ್ರೆ ಕೊಡ್ತಿದ್ದೆ."

"ಸರ್ಕಾರಿ ಕೆಲ್ಸ ಕಣಮ್ಮ."

"ಅದ್ಕೇಯ ಮತ್ತೆ. ಸ್ವಂತದ್ದಾಗಿದ್ರೆ ಬೀಗದ್ ಕೈ ಕೇಳ್ತಿದ್ರಿ."

ಹೆಸರು ಕೂಗಿದರು. ಕಟಕಟೆಗೆ ಮೂರು ಮೆಟ್ಟಿಲು. ಗೌಡರು ಎಣಿಸಿಕೊಂಡು ಹತ್ತಿದರು, ಹತ್ತಿದ ಮೇಲೆ ಕುಂಟಬೇಕಾಗಿತ್ತೆಂದು ನೆನಪಾಯಿತು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಂಗಸು, ತಲೆ ಎತ್ತದೆ ಬರೆಯುತ್ತಿದ್ದರು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಮಹಜರನ್ನು ತೋರಿಸಿ ರುಜು ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದರು. ಪೊಲೀಸರೊಡನೆ ಆರೋಪಿಯ ಮನೆಯ ಒಳಗೆ ಹೋಗಿ ಇವುಗಳನ್ನು ನೋಡಿದಿರಿ ಅಲ್ಲವೆ ಎಂದು ಕೇಳಿದರು. ಇದೇ ಆ ಕ್ಷಣ. ಬಾಗಿಲಿನ ಬಳಿ ನಿಂತಿದ್ದ ಪುಟ್ಟರಾಜು ತಲೆಯನ್ನು ಸಣ್ಣಗೆ ಆಡಿಸಿದ.

"ಇಲ್ಲ. ನಾನು ಒಳಕ್ಕೆ ಹೋಗಲಿಲ್ಲ. ಏನೂ ನೋಡಲಿಲ್ಲ. ಹಾಳೆ ಖಾಲಿ ಇದ್ದವು, ಬೀದೀಲಿ ನಿಂತು ರುಜು ಹಾಕಿದೆ."

ಒಮ್ಮೆ ಹೇಳಿದ ಮೇಲೆ ಹಗುರಾಗುತ್ತದೆಂದು ಅವರು ನಂಬಿದ್ದರು. ಹಗುರಾಗಲಿಲ್ಲ. ಸರ್ಕಾರಿ ವಕೀಲರು, ಈ ಸಾಕ್ಷಿ ಪ್ರತಿಕೂಲವಾಗಿದ್ದಾರೆ, ಪಾಟೀ ಸವಾಲಿಗೆ ಅನುಮತಿ ಬೇಕು ಎಂದರು. ತಾವು ಸರ್ಕಾರಕ್ಕೆ ಪ್ರತಿಕೂಲ. ಮೂವತ್ತೈದು ವರ್ಷ ಸರ್ಕಾರದ ಅನ್ನ ತಿಂದು, ಮೊದಲ ಮೊಳೆ ಹೊಡೆದವರು. ಅನುಮತಿ ಸಿಕ್ಕಿತು. ವಕೀಲರ ದನಿ ಬದಲಾಯಿತು, ಏಕವಚನಕ್ಕೆ ಇಳಿಯದೆಯೇ ಇಳಿಯುವ ದನಿ.

"ಪಂಚರಾಗಿ ಅಲ್ಲಿವರೆಗೆ ಹೋದವರು ಮನೆಯೊಳಕ್ಕೆ ಯಾಕೆ ಹೋಗಲಿಲ್ಲ?"

"ಮೊಣಕಾಲು ನೋವು."

"ಆ ಮನೆಗೆ ಎಷ್ಟು ಮೆಟ್ಟಿಲು?"

ಗೌಡರಿಗೆ ಗೊತ್ತಿರಲಿಲ್ಲ. ವಕೀಲರು ಸ್ಥಳದ ನಕ್ಷೆಯನ್ನು ತೆಗೆದು ಎತ್ತಿ ಹಿಡಿದರು. "ಒಂದು. ನೀವು ಈಗ ತಾನೆ ಈ ಕಟಕಟೆಗೆ ಮೂರು ಹತ್ತಿದಿರಿ, ಕಂಬಿಯನ್ನೂ ಹಿಡಿಯಲಿಲ್ಲ. ಮೂರು ಹತ್ತುವ ಕಾಲಿಗೆ ಒಂದು ಆಗಲಿಲ್ಲವೆ?" ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಯಾವ ಡಾಕ್ಟರಿಗೆ ತೋರಿಸಿದ್ದೀರಿ? ಚೀಟಿ ಇದೆಯೆ?"

"ಇಲ್ಲ."

"ಅಂದರೆ ಕಾರಣ ಸುಳ್ಳು. ಕಾರಣ ಸುಳ್ಳಾದ ಮೇಲೆ ಒಳಕ್ಕೆ ಹೋಗಲಿಲ್ಲ ಎನ್ನುವುದೂ ಸುಳ್ಳು. ಹೋಗಿದ್ದಿರಿ, ಐವತ್ತು ಹಾಳೆಗಳನ್ನೂ ನೋಡಿದ್ದಿರಿ, ಈಗ ಆರೋಪಿಯನ್ನು ಉಳಿಸಲು ಮಾತು ತಿರುಗಿಸುತ್ತಿದ್ದೀರಿ. ಇವನ ತಂದೆ ನಿಮ್ಮ ಸ್ನೇಹಿತ. ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೀರಿ. ಹೌದೋ ಅಲ್ಲವೋ?"

"ಕೆಲಸ ಮಾಡಿದ್ದು ಹೌದು."

"ಒಂದೇ ಊರು. ಮನೆಗೆ ಹೋಗಿ ಬಂದು ಬಳಕೆ ಇತ್ತು. ಎಷ್ಟು ಸಲ ಹೋಗಿದ್ದೀರಿ ಆ ಮನೆಗೆ?"

"ಒಂದ್ ಸಲಾನೂ ಇಲ್ಲ."

ವಕೀಲರು ನ್ಯಾಯಾಧೀಶರ ಕಡೆ ತಿರುಗಿ ಕೈ ಚೆಲ್ಲಿದರು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಮನುಷ್ಯನ ಮನೆಗೆ ಒಂದು ಸಲವೂ ಹೋಗಿಲ್ಲವೆಂದು ಸಾಕ್ಷಿ ಹೇಳುತ್ತಾರೆ, ನ್ಯಾಯಾಲಯ ಇದನ್ನು ನಂಬಬೇಕು, ದೇಶದ ಐಕ್ಯದ ವಿರುದ್ಧ ನಡೆದ ಸಂಚಿನ ಪ್ರಕರಣದಲ್ಲಿ ಇಂಥ ಸಾಕ್ಷಿಗಳು, ಎಂದು ಏನೇನೋ ಹೇಳುತ್ತಿದ್ದರು. ಗೌಡರಿಗೆ ಮಾತು ಪೂರ್ತಿ ಕೇಳಿಸಲಿಲ್ಲ. ಲೆಕ್ಕ ಮಾತ್ರ ಸ್ಪಷ್ಟವಾಗಿ ಕಂಡಿತು. ಹುಡುಗನನ್ನು ಉಳಿಸಿ ತಮ್ಮನ್ನೂ ಉಳಿಸಿಕೊಳ್ಳಲು ಅವರು ನಿಜದ ಪಕ್ಕದಲ್ಲಿ ಒಂದು ಸಣ್ಣ ಸುಳ್ಳನ್ನು ಇಟ್ಟಿದ್ದರು. ಈಗ ಸುಳ್ಳು ನಿಜವನ್ನು ತಿನ್ನುತ್ತಿತ್ತು. ಸ್ನೇಹಿತನೆಂದರೆ ಹುಡುಗ ಜೈಲಿಗೆ ಹೋಗುತ್ತಾನೆ. ಸ್ನೇಹಿತನಲ್ಲವೆಂದರೆ, ಯಾಕಲ್ಲ ಎಂದು ಹೇಳಬೇಕು. ಕಣ್ಣು ತಾನಾಗಿ ದೇವಿರಮ್ಮನ ಕಡೆ ಹೋಯಿತು. ಅವಳು ಬಾಗಿಲಿನ ಒಳಗೆ ಬಂದು ನಿಂತು, ಬೇರೆ ಯಾರದೋ ಕೇಸು ಕೇಳುವವಳ ಹಾಗೆ ಕೇಳುತ್ತಿದ್ದಳು.

"ಕೇಳಿದ್ದಕ್ಕೆ ಉತ್ತರ ಹೇಳಿ," ಎಂದರು ವಕೀಲರು. "ಒಂದು ಸಲವೂ ಯಾಕೆ ಹೋಗಲಿಲ್ಲ? ಅವತ್ತು ಯಾಕೆ ಹೋಗಲಿಲ್ಲ?"

"ನಾವು ಹೋಗಲ್ಲ."

"ನಾವು ಅಂದರೆ ಯಾರು?"

"ಗೌಡ್ರು. ನಾವು ಆ ಬೀದಿಯೋರ ಮನೆ ಒಳಿಕ್ ಓಗಲ್ಲ."

"ಆ ಬೀದಿಯವರು ಅಂದರೆ?"

ಬಾಯಿಗೆ ಬಂದದ್ದು ಅಪ್ಪ ಬಳಸುತ್ತಿದ್ದ ಶಬ್ದ. ಅದನ್ನು ನುಂಗಿ ಗೌಡರು ಸರ್ಕಾರದ ಕಾಗದದಲ್ಲಿ ಇರುವ ಶಬ್ದ ಹೇಳಿದರು. ನುಂಗಿದ್ದು ಎಲ್ಲರಿಗೂ ಕಂಡಿತು. ಸರ್ಕಾರಿ ವಕೀಲರು ನಕ್ಷೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ತಾವೇ ಅಗೆದ ಗುಂಡಿಯಿಂದ ಏನು ಎದ್ದಿತೆಂದು ಅವರಿಗೂ ಅರಿವಾದಂತಿತ್ತು. ನ್ಯಾಯಾಧೀಶರು ಮೊದಲ ಸಲ ತಲೆ ಎತ್ತಿ ನೋಡಿದರು. ಅವರ ಮುಖದಲ್ಲಿ ತಿರಸ್ಕಾರವಿರಲಿಲ್ಲ, ದಣಿವಿತ್ತು. ತಿರಸ್ಕಾರವೇ ಇದ್ದಿದ್ದರೆ ತಡೆಯುವುದು ಸುಲಭವಾಗುತ್ತಿತ್ತು. ಅವರು ಬೆರಳಚ್ಚಿನವನಿಗೆ ಹೇಳಿ ಬರೆಸಿದರು: ಸಾಕ್ಷಿಯು ವೈಯಕ್ತಿಕ ಕಾರಣಗಳಿಂದ ಸದರಿ ಮನೆಯನ್ನು ಪ್ರವೇಶಿಸಿರುವುದಿಲ್ಲ.

ಬೆರಳಚ್ಚಿನ ಸದ್ದು ನಿಂತಿತು. ಇಷ್ಟಕ್ಕೇ ಬಿಡಬಹುದಾಗಿತ್ತು. ಆ ಹೆಂಗಸು ವಯಸ್ಸಾದವನ ಮೇಲಿನ ಕರುಣೆಯಿಂದಲೋ ಅಭ್ಯಾಸದಿಂದಲೋ ಅವರಿಗೆ ಒಂದು ಹೊದಿಕೆ ಎಸೆದಿದ್ದರು. ಜೀಪಿನ ಪಕ್ಕ ಪುಟ್ಟರಾಜು ಕೊಟ್ಟದ್ದೂ ಇದನ್ನೇ. ವೈಯಕ್ತಿಕ ಎಂಬುದರೊಳಗೆ ಏನು ಬೇಕಾದರೂ ಹಿಡಿಸುತ್ತದೆ: ಮೊಣಕಾಲು, ಸ್ನೇಹ, ಲಂಚ. ವಾದದ ದಿನ ಸರ್ಕಾರಿ ವಕೀಲರು ಅದರಿಂದ ತಮಗೆ ಬೇಕಾದುದನ್ನು ತೆಗೆದು ಹಿಡಿಯುತ್ತಾರೆ, ಐವತ್ತು ಹಾಳೆಗಳು ಮತ್ತೆ ಟ್ರಂಕಿಗೆ ಹೋಗಿ ಸೇರುತ್ತವೆ.

"ಮೇಡಂ," ಎಂದರು ಗೌಡರು. "ನಾನು ಹಾಗೆ ಹೇಳಲಿಲ್ಲ."

"ಮತ್ತೇನು ಹೇಳಿದಿರಿ?"

"ಜಾತಿ ಕಾರಣ ಅಂದೆ. ಅದನ್ನೇ ಬರೆಸಿ. ಮೊಣಕಾಲು ನೋವು ಅಂತ ಮೊದಲು ಹೇಳಿದ್ದು ಸುಳ್ಳು ಅಂತಲೂ ಬರೆಸಿ."

"ಯೋಚನೆ ಮಾಡಿ ಹೇಳುತ್ತಿದ್ದೀರಾ? ಇದು ದಾಖಲೆಯಲ್ಲಿ ಉಳಿಯುತ್ತದೆ."

"ಉಳೀಲಿ."

ಬೆರಳಚ್ಚಿನವನು ಹಿಂದಿನ ಸಾಲು ಅಳಿಸಿ ಹೊಸದಾಗಿ ಹೊಡೆದ. ನ್ಯಾಯಾಧೀಶರು ಒಂದೊಂದೇ ಪದ ಬಿಡಿಸಿ ಹೇಳಿ ಬರೆಸುವಾಗ ಇಡೀ ಕೋಣೆ ಕೇಳಿಸಿಕೊಂಡಿತು: ತಾನು ಒಕ್ಕಲಿಗ ಜಾತಿಗೆ ಸೇರಿದವನಾಗಿದ್ದು, ಆರೋಪಿಯು ಪರಿಶಿಷ್ಟ ಜಾತಿಗೆ ಸೇರಿದವನಾದ ಕಾರಣ ಆತನ ಮನೆಯನ್ನು ಅಂದಾಗಲಿ ಅದಕ್ಕೆ ಮೊದಲಾಗಲಿ ಪ್ರವೇಶಿಸಿರುವುದಿಲ್ಲ. ನಾಗಶ್ರೀ ಎದ್ದು ಒಂದೇ ಪ್ರಶ್ನೆ ಕೇಳಿದಳು, ಐವತ್ತು ಹಾಳೆಗಳನ್ನು ನೀವು ಎಂದಾದರೂ ನೋಡಿದ್ದೀರಾ. ಇಲ್ಲ ಎಂದರು. ಸಾಕು ಎಂದು ಕುಳಿತಳು. ಅವಳ ಮುಖದಲ್ಲಿ ಗೆದ್ದವರ ಕಳೆ ಇತ್ತು, ಆದರೆ ಆ ಕಳೆಯಲ್ಲಿ ಇವರಿಗೆ ಪಾಲಿರಲಿಲ್ಲ. ಹಾಳೆಗಳು ಬಂದಾಗ ಗೌಡರು ಪ್ರತಿಯೊಂದನ್ನೂ ಮೇಲಿನಿಂದ ಕೆಳಗಿನ ತನಕ ಓದಿ ಮುಗಿಸಿಯೇ ರುಜು ಹಾಕಿದರು. ಗುಮಾಸ್ತ ಎರಡು ಸಲ ಗಡಿಯಾರ ನೋಡಿದ.

ಹೊರಗೆ ಪುಟ್ಟರಾಜು ಕಾದಿದ್ದ. "ಏನ್ ಬಂತು ಗೌಡ್ರೇ ಇದ್ರಿಂದ? ನಮ್ ಕೆಲ್ಸಕ್ಕೂ ಕಲ್ಲಾಕುದ್ರಿ, ಜನದ್ ಮುಂದೆ ಕುಲದ್ ಮಾನಾನೂ ಕಳುದ್ರಿ. ನಾಳೀಕ್ ಪೇಪರ್ನಾಗೆ ಬಂದ್ರೆ ಊರ್ನಾಗೆ ಎಂಗ್ ತಿರುಗಾಡೀರಿ?" ಉತ್ತರಕ್ಕೆ ಕಾಯದೆ ಬಸ್ ನಿಲ್ದಾಣದ ಕಡೆ ಹೊರಟುಹೋದ. ಬರುವಾಗ ಜೊತೆಗೆ ಬಂದವನಿಗೆ ಹೋಗುವಾಗ ಜೊತೆ ಬೇಕಿರಲಿಲ್ಲ. ಸಿದ್ದೇಶ ವಕೀಲೆಯ ಹಿಂದೆ ಮುಂದಿನ ತಾರೀಕು ತಿಳಿಯಲು ಹೋಗಿದ್ದ. ಪಡಸಾಲೆಯಲ್ಲಿ ದೇವಿರಮ್ಮ ಒಬ್ಬಳೇ ನಿಂತು ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಗೌಡರು ಅವಳ ಹತ್ತಿರ ಹೋದರು. ಏನು ಹೇಳಬೇಕೆಂದು ಕಟಕಟೆಯಿಂದ ಇಳಿಯುವಾಗಲೇ ಕಟ್ಟಿಕೊಂಡಿದ್ದರು. ಮರಿಸಿದ್ದಯ್ಯನ ಹೆಸರು ಅದರಲ್ಲಿ ಇತ್ತು.

"ದೇವಿರಮ್ಮ, ಒಂದಿನ ನಿಮ್ಮನೆಗೆ ಬತ್ತೀನಿ. ಮರಿಸಿದ್ದಯ್ಯ ಇದ್ದಾಗ್ಲೇ ಬರ್ಬೇಕಾಗಿತ್ತು. ಆಗ್ನಿಲ್ಲ."

ಅವಳು ಮುಖ ಒರೆಸುವುದನ್ನು ಮುಗಿಸಿದಳು.

"ಬ್ಯಾಡಿ," ಎಂದಳು.

"ತಪ್ ಮಾಡಿವ್ನಿ ಅಂತಾನೆ ಬತ್ತೀನಿ ಅಂದಿದ್ದು."

"ಗೊತ್ತಾಯ್ತು ಗೌಡ್ರೇ, ಕೇಳುಸ್ಕಂಡೆ ಎಲ್ಲಾವ. ನಿಮ್ ಮಾತ್ನಿಂದ ನನ್ ಮಗ ಉಳ್ಕಂಡ್ರೆ ಉಳ್ಕಳ್ಲಿ, ಬ್ಯಾಡ ಅನ್ನಲ್ಲ. ಅದು ನೀವ್ ನಮ್ಗೆ ಕೊಟ್ಟಿದ್ ಸಾಲ ಅಲ್ಲ, ನೀವ್ ಕೆಡ್ಸಿದ್ದ ನೀವೇ ಸರಿ ಮಾಡುದ್ರಿ, ಅಷ್ಟೇಯ. ಆದ್ರೆ ಮನೆ ತಾವ್ಕೆ ಬರ್ಬ್ಯಾಡಿ. ಪೊಲೀಸ್ನೋರು ನನ್ನ ಕೇಳ್ದೆ ಒಳಿಕ್ ಬಂದ್ರು. ನೀವು ನನ್ನ ಕೇಳ್ದೆ ಆಚ್ಗೆ ನಿಂತ್ರಿ. ಈಗ ಮನ್ಸಿಗ್ ಬಂತು ಅಂತ ಬತ್ತೀನಿ ಅಂತೀರಿ. ಅದು ನನ್ ಮನೆ ಕಣ್ ಗೌಡ್ರೇ. ಯಾರ್ ಬರ್ಬೇಕು ಅನ್ನಾದ ನಾನ್ ಹೇಳ್ತೀನಿ."

ಅವಳ ದನಿ ಏರಿರಲಿಲ್ಲ. ಚೀಲ ಎತ್ತಿಕೊಂಡು ಮಗ ಹೋದ ಕಡೆ ನಡೆದಳು. ಗೌಡರು ನಿಂತಲ್ಲೇ ನಿಂತರು. ಅವಳು ಹೇಳಿದ್ದು ಸರಿ ಎಂದು ಬುದ್ಧಿ ಒಪ್ಪಿಕೊಂಡಿತು, ಒಂದೊಂದೇ ಮೆಟ್ಟಿಲಾಗಿ, ಎಲ್ಲೂ ತಪ್ಪಿಲ್ಲದೆ. ಒಪ್ಪಿಕೊಳ್ಳುತ್ತಿರುವಾಗಲೇ ಒಳಗಿನಿಂದ ಬೇರೊಂದು ಎದ್ದಿತು, ಬಿಸಿಯಾಗಿ, ಹಳೆಯದಾಗಿ, ಅಪ್ಪನದೇ ದನಿಯಲ್ಲಿ: ನನ್ನನ್ನು ಬೇಡವೆನ್ನಲು ಇವಳು ಯಾರು. ಈ ಸಲ ಆ ಶಬ್ದವೂ ಜೊತೆಗಿತ್ತು, ನುಂಗಲು ಹೊತ್ತು ಸಿಗಲಿಲ್ಲ. ಬಾಯಿಯಿಂದ ಹೊರಗೆ ಬರಲಿಲ್ಲವೆಂಬುದಷ್ಟೇ ಸಮಾಧಾನ, ಅದೂ ಸಮಾಧಾನವಲ್ಲ. ಅವರು ತಿರುಗಿ ಕೋರ್ಟಿನ ಕೋಣೆಯ ಕಡೆ ನೋಡಿದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದು ಹೋಗಿದ್ದರು. ಇದನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.